ಮಾಗೀಲಿ ಆಟೋ ಸ್ಟಾರ್ಟರ್ ಯಾಕೆ ಬೇಕು?

ಮೊನ್ನೆ ಬೆಳಗಿನ ಜಾವ ಐದೂವರೆಗೆ ಟಾರ್ಚ್ ಹಿಡಕೊಂಡು ತೋಟಕ್ಕೆ ಹೋದೆ. ಮಂಜು ಅಂದ್ರೆ ಮಂಜು, ಹತ್ತು ಮಾರು ದೂರದ ಮರ ಕಾಣಿಸ್ತಿರಲಿಲ್ಲ. ಗಾಡಿಜಾಡಿನ ಹತ್ತಿರ ಕಾಲಿಟ್ಟರೆ ಪಾದ ಮುಳುಗೋಷ್ಟು ಕೆಸರು. ರಾತ್ರಿ ಮಳೆ ಬಂತಾ ಅಂತ ಒಂದು ಗಳಿಗೆ ಅನುಮಾನ ಬಂತು. ಮಳೆ ಎಲ್ಲಿ ಬರಬೇಕು? ನಮ್ಮದೇ ಡ್ರಿಪ್ ಪೈಪಿನ ತುದಿ ಮುಚ್ಚಳ ಕಿತ್ತುಹೋಗಿ, ರಾತ್ರಿ ಹತ್ತಕ್ಕೆ ಕರೆಂಟು ಬಂದಾಗಿಂದ ಬೆಳಗ್ಗೆ ಐದರವರೆಗೆ ನೀರೆಲ್ಲ ಜಾಡಿಗೆ ಹರಿದಿದೆ. ಆಟೋ ಸ್ಟಾರ್ಟರ್ ತನ್ನ ಕೆಲಸ ತಾನು ನಿಯತ್ತಾಗಿ ಮಾಡಿದೆ. ನಾನು ಎರಡು ಕಂಬಳಿ ಹೊದ್ದು ಮಲಗಿದ್ದೆ.

ಹಾಗಾಗಿ ಇದನ್ನ ಓದ್ತಾ "ಇವನು ನಮಗೆ ಬುದ್ಧಿ ಹೇಳೋಕೆ ಬಂದ" ಅಂದ್ಕೋಬೇಡಿ. ಮೊದಲನೇ ತಪ್ಪಿತಸ್ಥ ನಾನೇ.

ನಾನು ಹೇಳಬೇಕು ಅಂದ್ಕೊಂಡಿರೋದು ಒಂದೇ ಮಾತು. ಬೇಸಿಗೆಯ ನೀರು ಬೇಸಿಗೇಲಿ ಉಳಿಸೋಕೆ ಆಗಲ್ಲ. ಶಿವರಾತ್ರಿ ಕಳೆದ ಮೇಲೆ ನಾವು ಮಾಡೋ ಉಳಿತಾಯ ಎಲ್ಲಾ ಖಾಲಿ ಗಡಿಗೆಗೆ ಮುಚ್ಚಳ ಹುಡುಕಿದ ಹಾಗೆ. ಉಳಿಸೋದಾದ್ರೆ ಈಗ, ಈ ವಿಶಾಖೆ ಮಳೆ ಮುಗಿಯೋ ಹೊತ್ತಿಂದ ಸಂಕ್ರಾಂತಿ ದಾಟೋವರೆಗೆ. ಬೋರಿನಲ್ಲಿ ನೀರಿದೆ, ಕಟ್ಟೆಯಲ್ಲಿ ನೀರಿದೆ, ಬಿಸಿಲಿಗೆ ಜೋರಿಲ್ಲ, ಮಣ್ಣಿನಲ್ಲಿ ಹಸಿ ಇದೆ. ನಾವು ಮೈಮರೆಯೋದೂ ಇದೇ ಹೊತ್ತಿನಲ್ಲಿ.

ನನಗೆ ಇದು ಗೊತ್ತಾಗಿದ್ದು ದುಡ್ಡು ಕೊಟ್ಟು. 2016ರಲ್ಲಿ ಹಿಂಗಾರು ಹೆಂಗೆ ಕೈಕೊಡ್ತು ಅನ್ನೋದು ನಿಮಗೆಲ್ಲ ನೆನಪಿರಬೇಕು. ಆ ವರ್ಷ ನವೆಂಬರಿನಲ್ಲಿ ನನ್ನ ಬೋರು ಚೆನ್ನಾಗೇ ಎತ್ತುತ್ತಿತ್ತು. ಎರಡಿಂಚು, ಕಣ್ಣಿಗೆ ಹಬ್ಬ. ಆಟೋಗೆ ಹಾಕಿದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ರಾಗಿ ಕೊಯ್ಲು, ಕಣ, ಅವರೆಕಾಯಿ, ತಂಗಿಯ ಮಗಳ ಮದುವೆ. ಫೆಬ್ರವರಿಯಲ್ಲಿ ಮೊದಲ ಸಲ ಬೋರು ಗಾಳಿ ಉಗುಳಿತು. ಯುಗಾದಿ ಹೊತ್ತಿಗೆ ಮನೆಗೂ ಟ್ಯಾಂಕರ್ ತರಿಸಿದ್ವಿ. ಗಾಬರಿಯಲ್ಲಿ ಎರಡು ಬೋರು ಕೊರೆಸಿದೆ, ಎರಡರಲ್ಲೂ ಬಂದಿದ್ದು ಬಿಳಿ ಧೂಳು. ಆ ಬೇಸಿಗೆ 38 ತೆಂಗಿನ ಮರ ಸುಳಿ ಬಾಡಿಸಿಕೊಂಡು ಹೋದವು. ಅಪ್ಪ ನೆಟ್ಟ ಮರಗಳು. ಅಪ್ಪ ಆಗ ಇನ್ನೂ ಇದ್ರು. ಏನೂ ಅನ್ನಲಿಲ್ಲ, ದಿನಾ ಬೆಳಗ್ಗೆ ಹೋಗಿ ಮರಗಳನ್ನ ನೋಡಿಕೊಂಡು ಬರ್ತಿದ್ರು, ಅಷ್ಟೇ. ಬೈದಿದ್ರೆ ವಾಸಿಯಿತ್ತು.

ಉಳಿದ ಮರಗಳಾದ್ರೂ ಬೇಗ ಚೇತರಿಸಿಕೊಂಡವಾ ಅಂದ್ರೆ ಅದೂ ಇಲ್ಲ. ತೆಂಗಿನ ಹೊಂಬಾಳೆ ಮರದೊಳಗೆ ಮೊಳೆಯೋದಕ್ಕೆ ಶುರುವಾದಾಗಿಂದ ಆ ಗೊನೆಯ ಕಾಯಿ ಬಲಿಯೋವರೆಗೆ ಸುಮಾರು 44 ತಿಂಗಳು ಬೇಕು. ಅಂದ್ರೆ ಒಂದು ಬೇಸಿಗೆ ಮರ ಒಣಗಿಸಿದ್ರೆ ಅದರ ಏಟು ಮೂರು ವರ್ಷ ಆದ ಮೇಲೂ ಕಾಯಿ ಎಣಿಸುವಾಗ ಕಾಣುತ್ತೆ. 2017ರಲ್ಲಿ ತಿಂದ ಏಟನ್ನ ನಾನು 2020ರ ಕೊಬ್ಬರಿಯಲ್ಲೂ ಲೆಕ್ಕ ಹಾಕಿದ್ದೀನಿ. 2022ರಲ್ಲಿ ಕೆರೆಗಳೆಲ್ಲ ಕೋಡಿ ಬಿದ್ದಾಗ "ಇನ್ನು ಐದು ವರ್ಷ ಯೋಚನೆ ಇಲ್ಲ" ಅಂದವರು ನಮ್ಮ ಅರಳಿಕಟ್ಟೆಯಲ್ಲೇ ಇದ್ರು. ಮಾರನೇ ವರ್ಷವೇ ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕನ್ನ ಬರಪೀಡಿತ ಅಂತ ಘೋಷಿಸಿದರು. ಐದು ವರ್ಷದ ಮಾತು ಒಂದು ವರ್ಷಕ್ಕೂ ಬರಲಿಲ್ಲ.

ಈಗ ಲೆಕ್ಕಕ್ಕೆ ಬರ್ತೀನಿ. ಹೋದ ವಾರ 200 ಲೀಟರಿನ ಡ್ರಮ್ಮು ಇಟ್ಟು ಮೊಬೈಲಿನಲ್ಲಿ ಟೈಮ್ ನೋಡಿದೆ. ಒಂದು ನಿಮಿಷ ಐವತ್ತು ಸೆಕೆಂಡಿಗೆ ತುಂಬಿತು. ಅಂದ್ರೆ ಗಂಟೆಗೆ ಸುಮಾರು 6,500 ಲೀಟರ್. ಏಳು ಗಂಟೆ ಕರೆಂಟು ಇದ್ದಷ್ಟೂ ಓಡಿದ್ರೆ ದಿನಕ್ಕೆ 45,500. ನನಗಿರೋದು 180 ತೆಂಗು, ಮಧ್ಯೆ 600 ಅಡಿಕೆ. ಈ ಚಳಿಯಲ್ಲಿ ತೆಂಗಿಗೆ ದಿನಕ್ಕೆ 40 ಲೀಟರ್, ಅಡಿಕೆಗೆ 15 ಲೀಟರ್ ಡ್ರಿಪ್ಪಿನಲ್ಲಿ ಕೊಟ್ಟರೆ ಸಾಕಾಗ್ತಿದೆ. ಮರ ನೋಡಿ, ಮಣ್ಣು ನೋಡಿ ಹೇಳ್ತಿದ್ದೀನಿ, ನಿಮ್ಮ ಮಣ್ಣಿಗೆ ಸ್ವಲ್ಪ ಹೆಚ್ಚು ಕಮ್ಮಿ ಇರಬಹುದು. ಒಟ್ಟು 16,200 ಲೀಟರ್. ಎರಡೂವರೆ ಗಂಟೆ ಮೋಟಾರು ಓಡಿದ್ರೆ ಮುಗೀತು.

ಹಂಗಾದ್ರೆ ಉಳಿದ ನಾಲ್ಕೂವರೆ ಗಂಟೆ ನಾನು ಏನು ಮಾಡ್ತಿದ್ದೆ? ದಿನಕ್ಕೆ 29,000 ಲೀಟರ್ ಸುಮ್ಮನೆ ಮೇಲೆತ್ತಿ ಕಳೆಗೆ ಕುಡಿಸ್ತಿದ್ದೆ. ತೊಂಬತ್ತು ದಿನಕ್ಕೆ 26 ಲಕ್ಷ ಲೀಟರ್. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 430 ಟ್ಯಾಂಕರಿಗೂ ಮೇಲೆ. ಏಪ್ರಿಲ್‌ನಲ್ಲಿ ಒಂದು ಟ್ಯಾಂಕರಿಗೆ ಎಷ್ಟು ಕೊಟ್ಟಿದ್ರಿ ಅನ್ನೋದನ್ನ ನೀವೇ ನೆನಪು ಮಾಡ್ಕೊಳ್ಳಿ.

ದಯವಿಟ್ಟು ನೀವೂ ಒಂದ್ಸಲ ಡ್ರಮ್ಮು ಇಟ್ಟು ಅಳೆಯಿರಿ. ಹತ್ತು ನಿಮಿಷದ ಕೆಲಸ. ನಮ್ಮಲ್ಲಿ ಹಸುವಿನ ಹಾಲನ್ನ ಪಾಯಿಂಟ್ ಲೆಕ್ಕದಲ್ಲಿ ಅಳೀತೀವಿ, ಕೊಬ್ಬರಿ ತೂಕದಲ್ಲಿ ನೂರು ಗ್ರಾಂ ಬಿಡಲ್ಲ, ನೀರನ್ನ ಮಾತ್ರ "ಎರಡಿಂಚು ಐತೆ" ಅಂದು ಸುಮ್ಮನಾಗ್ತೀವಿ.

ಇದಕ್ಕೆ ಬರೋ ಮಾತುಗಳು ನನಗೆ ಗೊತ್ತು. ಮೊದಲನೇದು, "ಸುರಿದ ನೀರು ಎಲ್ಲಿ ಹೋಗುತ್ತೆ, ಮತ್ತೆ ಭೂಮಿಗೇ ತಾನೆ?" ಸ್ವಲ್ಪ ಇಳಿಯುತ್ತೆ, ಇಲ್ಲ ಅನ್ನಲ್ಲ. ಆದ್ರೆ ಇಳಿಯುವಾಗ ನೀವು ಹಾಕಿದ ಗೊಬ್ಬರದ ಸತ್ವವನ್ನೂ ಬೇರಿನಿಂದ ಕೆಳಕ್ಕೆ ಎಳಕೊಂಡು ಹೋಗುತ್ತೆ. ಉಳಿದಿದ್ದು ಕಳೆ ಕುಡಿಯುತ್ತೆ, ಗಾಳಿಗೆ ಆರುತ್ತೆ. ನನ್ನ ಬೋರು ಇರೋದು 780 ಅಡಿ. ಮೇಲೆ ಚೆಲ್ಲಿದ ನೀರು ಆ ಕಲ್ಲಿನ ಬಿರುಕಿಗೆ ಈ ಬೇಸಿಗೆಯೊಳಗೆ ತಲುಪುತ್ತೆ ಅಂತ ನಂಬಿಕೊಂಡು ಕೂರೋಕೆ ನನಗೆ ಧೈರ್ಯ ಇಲ್ಲ.

ಎರಡನೇದು, "ಕರೆಂಟು ಯಾವಾಗ ಬರುತ್ತೋ ಯಾವಾಗ ಹೋಗುತ್ತೋ, ಆಟೋ ಇಲ್ಲದಿದ್ರೆ ರಾತ್ರಿಯೆಲ್ಲ ಯಾರು ಕಾಯ್ತಾರೆ?" ಈ ಮಾತು ನಿಜ. ರಾತ್ರಿ ಹನ್ನೆರಡಕ್ಕೆ ಚಳಿಯಲ್ಲಿ ಹಾವು ಚೇಳು ತುಳಿದುಕೊಂಡು ಹೋಗಿ ಸ್ವಿಚ್ ಹಾಕಿ ಅಂತ ಯಾರಿಗೂ ಹೇಳೋಕಾಗಲ್ಲ. ಕರಡಿ ಚಿರತೆ ಕಾಟ ಬೇರೆ. ಇದಕ್ಕೆ ಟೈಮರ್ ಇದೆ. ಕರೆಂಟು ಬಂದ ಮೇಲೆ ಇಂತಿಷ್ಟು ಹೊತ್ತು ಓಡಿ ತಾನೇ ನಿಲ್ಲೋ ಹಾಗೆ ಸ್ಟಾರ್ಟರಿಗೆ ಸೇರಿಸ್ತಾರೆ. ನಿಮ್ಮ ಮೋಟಾರು ಮೆಕ್ಯಾನಿಕ್ಕಿಗೆ ಹೇಳಿದ್ರೆ ಗೊತ್ತಿರುತ್ತೆ. ಮೊಬೈಲ್ ಸ್ಟಾರ್ಟರ್ ಇರೋರು ಮದುವೆ ಮನೆಯಲ್ಲಿ ಕೂತು ಆನ್ ಮಾಡ್ತಾರೆ, ಆಫ್ ಮಾಡೋದು ಮರೀತಾರೆ. ಅದರಲ್ಲೂ ಟೈಮ್ ಹಾಕೋಕೆ ಬರುತ್ತಾ ಅಂತ ಮಕ್ಕಳ ಕೈಲಿ ಒಮ್ಮೆ ನೋಡಿಸಿ.

ಮೂರನೇದೇ ಗಟ್ಟಿ ಮಾತು. ಪಕ್ಕದ ತೋಟದ ಅಣ್ಣ ನನ್ನ ಮುಖಕ್ಕೇ ಕೇಳಿದ್ರು. "ಏನಪ್ಪಾ, ನೀರನ್ನ ಉಳಿಸಿ ಬ್ಯಾಂಕಿಗೆ ಹಾಕ್ತೀಯಾ? ನೀನು ನಿಲ್ಲಿಸಿದ್ರೆ ನಾನು ಎಳೀತೀನಿ, ನಾನು ನಿಲ್ಲಿಸಿದ್ರೆ ಆ ಕಡೆಯವನು ಎಳೀತಾನೆ. ಕರೆಂಟಿಗೆ ದುಡ್ಡಿಲ್ಲ ಕಾಸಿಲ್ಲ."

ಅಣ್ಣ ಹೇಳಿದ್ದರಲ್ಲಿ ಸುಳ್ಳಿಲ್ಲ. ಹತ್ತು ಎಚ್‌ಪಿ ಒಳಗಿನ ಪಂಪ್‌ಸೆಟ್ಟಿಗೆ ನಮಗೆ ಬಿಲ್ಲಿಲ್ಲ, ಹಾಗಾಗಿ ಎಷ್ಟು ಓಡಿತು ಅಂತ ಯಾರಿಗೂ ಲೆಕ್ಕ ಇಲ್ಲ. ಬಿರುಕು ಬಿರುಕಿನಲ್ಲಿ ನಮ್ಮ ಬೋರುಗಳು ಒಂದಕ್ಕೊಂದು ಸೇರಿಕೊಂಡಿವೆ ಅನ್ನೋದಕ್ಕೆ ಸಾಕ್ಷಿ ಅಣ್ಣನ ಮೋಟಾರೇ ಕೊಟ್ಟಿದೆ. 2024ರ ಮಾರ್ಚಿನಲ್ಲಿ ಅವರ ಮೋಟಾರು ಸುಟ್ಟು ಹನ್ನೊಂದು ದಿನ ನಿಂತಿತ್ತು. ಆಗ ನನ್ನ ಬೋರು ಮೂರೂವರೆ ಗಂಟೆಗೆ ಗಾಳಿ ಉಗುಳ್ತಿದ್ದದ್ದು ಐದು ಗಂಟೆ ಎಳೀತು. ಅವರ ಮೋಟಾರು ರಿಪೇರಿ ಆಗಿ ಬಂತು, ನಾಲ್ಕೇ ದಿನಕ್ಕೆ ಮತ್ತೆ ಮೂರೂವರೆ ಗಂಟೆ. ಆ ಹನ್ನೊಂದು ದಿನ ನಾನು ಒಳಗೊಳಗೇ ಖುಷಿ ಪಟ್ಟಿದ್ದೆ, ಒಪ್ಪಿಕೊಳ್ಳೋಕೆ ನಾಚಿಕೆ ಆಗುತ್ತೆ.

ಆದ್ರೆ ನೀರು ಒಂದೇ ಅಂದ ಮೇಲೆ, ಅದನ್ನ ಉಳಿಸೋದೂ ಒಬ್ಬನ ಕೆಲಸ ಅಲ್ಲ ಅಂತ ಆಯ್ತಲ್ಲ? "ಅವನು ಎಳೀತಾನೆ, ಅದಕ್ಕೆ ನಾನೂ ಎಳೀತೀನಿ" ಅನ್ನೋದು ಒಂದೇ ತಟ್ಟೆಯಲ್ಲಿ ಊಟಕ್ಕೆ ಕೂತ ಅಣ್ಣತಮ್ಮಂದಿರು ಬಾಯಿ ಸುಟ್ಟುಕೊಂಡು ನುಂಗಿದ ಹಾಗೆ.

ನಮ್ಮ ಪಾವಗಡದ ಆಚೆಗೇ ಇರೋ ಅನಂತಪುರ, ಮತ್ತೆ ಕಡಪ, ಚಿತ್ತೂರು, ಕರ್ನೂಲು ಇವೆಲ್ಲ ಸೇರಿ ಆಗಿನ ಆಂಧ್ರದ ಏಳು ಜಿಲ್ಲೆಗಳಲ್ಲಿ ಒಂದು ಕೆಲಸ ನಡೆದಿತ್ತು. 2000ದ ದಶಕದಲ್ಲಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಬೆಂಬಲದಲ್ಲಿ. ರೈತರೇ ಮಳೆ ಅಳೆಯೋದು, ರೈತರೇ ಬೋರಿನ ನೀರಿನ ಮಟ್ಟ ಅಳೆಯೋದು. ಮುಂಗಾರು ಮುಗಿದು ಹಿಂಗಾರು ಬಿತ್ತನೆ ಶುರುವಾಗೋ ಹೊತ್ತಿಗೆ ಊರವರೆಲ್ಲ ಕೂತು, ಈ ಸಲ ಇಷ್ಟು ನೀರು ಇಳಿದಿದೆ, ನಾವು ಇಡಬೇಕು ಅಂತಿರೋ ಬೆಳೆಗೆ ಇಷ್ಟು ಬೇಕು ಅಂತ ಎದುರು ಬದುರು ಲೆಕ್ಕ ಹಾಕ್ತಿದ್ರು. ಯಾರಿಗೂ ದಂಡ ಇಲ್ಲ, ಇಂಥದ್ದೇ ಬೆಳೀಬೇಕು ಅಂತ ಕಟ್ಟಳೆ ಇಲ್ಲ. ಲೆಕ್ಕ ನೋಡಿದ ಮೇಲೆ ಎಷ್ಟೋ ಜನ ತಾವಾಗೇ ಭತ್ತ ಕಡಿಮೆ ಮಾಡಿ ಕಡಿಮೆ ನೀರಿನ ಬೆಳೆಗೆ ಹೋದರು. ನನಗೆ ಅದರಲ್ಲಿ ಹಿಡಿಸಿದ್ದು, ಲೆಕ್ಕ ಹಾಕಿದ ಕಾಲ. ಬೇಸಿಗೇಲಿ ಅಲ್ಲ, ಮಾಗಿ ಶುರುವಾಗೋ ಮುಂಚೆ.

ತೋಟದಲ್ಲಿ ಈಗ ಮಾಡಬೇಕಾದ ಇನ್ನೊಂದು ಕೆಲಸ ಹೊದಿಕೆ. ಮಣ್ಣು ಹಸಿ ಇರುವಾಗಲೇ ಮುಚ್ಚಬೇಕು, ಒಣಗಿದ ಮೇಲೆ ಮುಚ್ಚಿದ್ರೆ ಒಣಗಿದ್ದನ್ನೇ ಕಾಪಾಡಿದ ಹಾಗೆ. ಗೊತ್ತಿರೋ ವಿಷಯವೇ, ಆದ್ರೆ ಮಾಡೋರು ಎಷ್ಟು ಜನ? ಕಾಯಿ ಸಿಪ್ಪೆಯನ್ನೆಲ್ಲ ಲಾರಿಗೆ ತುಂಬಿ ನಾರಿನ ಫ್ಯಾಕ್ಟರಿಗೆ ಕಳಿಸ್ತೀವಿ, ಉಳಿದಿದ್ದು ಹಂಡೆ ಒಲೆಗೆ, ಸೋಗೆ ಚಳಿ ಕಾಯಿಸೋಕೆ. ಆಮೇಲೆ ಏಪ್ರಿಲ್‌ನಲ್ಲಿ ಮರದ ಬುಡ ಬಾಣಲೆಯಂತೆ ಕಾದಾಗ ಆಕಾಶ ನೋಡ್ತೀವಿ. ನಾನು ಎಲ್ಲಾ ಸಿಪ್ಪೆ ಉಳಿಸಿ ಅನ್ನಲ್ಲ. ಮರಕ್ಕೆ ನೂರು ಸಿಪ್ಪೆ ಬೇಕು, 180 ಮರಕ್ಕೆ 18,000 ಎಲ್ಲಿಂದ ತರೋದು? ವರ್ಷಕ್ಕೆ 40 ಮರ ಅಂತ ಇಟ್ಟುಕೊಂಡಿದ್ದೀನಿ. ಒಂದು ಸುತ್ತು ಮುಗಿಯೋಷ್ಟರಲ್ಲಿ ಮೊದಲು ಹಾಕಿದ್ದು ಕರಗಿ ಮಣ್ಣಾಗಿರುತ್ತೆ, ಮತ್ತೆ ಅಲ್ಲಿಂದ ಶುರು.

ಬುಡದಿಂದ ಆರಡಿ ಸುತ್ತ ಪಾತಿ, ಅದರೊಳಗೆ ಸಿಪ್ಪೆಯ ಬೆನ್ನು ಮೇಲೆ ಬರೋ ಹಾಗೆ ಬೋರಲು ಹಾಕೋದು. ಮೇಲ್ಹೊದಿಕೆಗೆ ಹೀಗೆ. ಗುಂಡಿ ತೆಗೆದು ಹೂಳೋದಾದ್ರೆ ಮಾತ್ರ ಹೊಟ್ಟೆ ಮೇಲಕ್ಕೆ, ನೀರು ಹಿಡಿದಿಟ್ಟುಕೊಳ್ಳೋಕೆ. ಇದನ್ನ ನಾನು ಮೊದಲ ವರ್ಷ ಉಲ್ಟಾ ಮಾಡಿ, ಒಂದೊಂದು ಸಿಪ್ಪೆಯೂ ನೀರು ನಿಂತ ಬಟ್ಟಲಾಗಿ, ಸೊಳ್ಳೆ ಸಾಕಿದ್ದೆ. ಕಾಂಡಕ್ಕೆ ಒಂದಡಿ ಬಿಟ್ಟು ಹಾಕಿ, ಗೆದ್ದಲು ಬಂದ್ರೆ ಸಿಪ್ಪೆ ತಿನ್ನಲಿ, ಮರಕ್ಕೆ ಹತ್ತೋದು ಬೇಡ. ಸಿಪ್ಪೆ ಇಲ್ಲದ ಕಡೆ ಮರದಿಂದ ಬಿದ್ದ ಗರಿಯನ್ನ ಮೂರು ತುಂಡು ಮಾಡಿ ಹಾಸಿದ್ರೂ ಆಯ್ತು. ರಾಗಿ ಹುಲ್ಲು ಹಾಸಿ ಅಂತ ಹೇಳೋ ವಿಡಿಯೋಗಳನ್ನ ನೋಡಿದ್ದೀನಿ. ಅವರ ಮನೇಲಿ ದನ ಇಲ್ಲ ಅಂತ ಕಾಣುತ್ತೆ.

ಈ ತಿಂಗಳು ಎಲ್ಲರೂ ತೋಟಕ್ಕೆ ರೋಟವೇಟರ್ ಹೊಡೆಸಿ ಕನ್ನಡಿ ಥರ ಮಾಡೋದೂ ನನಗೆ ಸರಿಕಾಣಲ್ಲ. ನೋಡೋಕೆ ಚೆಂದ. ಹಿಂದಿನವರು ಮಳೆ ನಿಂತ ಮೇಲೆ ಕುಂಟೆ ಹೊಡೀತಿದ್ರು, ಮೇಲೆ ಎರಡು ಬೆರಳಷ್ಟು ಪುಡಿ ಮಣ್ಣು ಆಗಿ ಕೆಳಗಿನ ಹಸಿ ಆರದೆ ನಿಲ್ತಿತ್ತು. ಅದು ಬೇರೆ. ಇದು ಅರ್ಧ ಅಡಿ ಅಡಿಮೇಲು ಮಾಡಿ, ಹಸಿಯನ್ನ ಬಿಸಿಲಿಗೆ ತೋರಿಸಿ, ಮೇಲಿನ ಬೇರನ್ನೂ ಕತ್ತರಿಸುತ್ತೆ. ಕಳೆಯನ್ನ ಕಟರಿನಲ್ಲಿ ಸವರಿ ಅಲ್ಲೇ ಬಿಡಿ.

ನೀರು ಬೇಕಾ ಬೇಡವಾ ಅಂತ ನೋಡೋಕೆ ದೊಡ್ಡ ಮೀಟರ್ ಏನೂ ಬೇಡ. ಪಾತಿಯಲ್ಲಿ ಒಂದು ಮೊಳ ಆಳ ಹಾರೆಯಲ್ಲಿ ತೋಡಿ, ಒಂದು ಹಿಡಿ ಮಣ್ಣು ಅದುಮಿ. ಉಂಡೆ ಆಗಿ ನಿಂತರೆ ಇನ್ನೆರಡು ದಿನ ಬೇಡ. ಉದುರಿದ್ರೆ ಬಿಡಿ ನೀರು. ಇದರ ಅರ್ಥ ಮಾಗೀಲಿ ನೀರೇ ಬೇಡ ಅಂತಲ್ಲ. "ಇಬ್ಬನಿ ಬೀಳುತ್ತಲ್ಲ" ಅಂತ ಒಂದೂವರೆ ತಿಂಗಳು ಪೂರ್ತಿ ನಿಲ್ಲಿಸಿ ಹೊಂಬಾಳೆ ಒಣಗಿಸಿಕೊಂಡವರೂ ನಮ್ಮಲ್ಲೇ ಇದ್ದಾರೆ. ಇಬ್ಬನಿ ಸೊಗಡವರೆಗೆ ಸಾಕು, ತೆಂಗಿಗೆ ಸಾಲದು.

ಮನೆ ಕಡೆ ವಿಷಯ ನಮ್ಮ ಮನೆಯವರು ಬರೆಯಬೇಕಿತ್ತು. ಲೆಕ್ಕ ಅವರದ್ದು. ಚಳಿ ಶುರುವಾದ ಮೇಲೆ ನಮ್ಮನೆ ನೀರು ಯಾಕೆ ಬೇಗ ಖಾಲಿ ಆಗುತ್ತೆ ಅಂತ ಕಂಡುಹಿಡಿದಿದ್ದು ಅವರೇ. ಸೋಲಾರ್ ಇರೋದು ಮೇಲೆ, ಬಚ್ಚಲು ಇರೋದು ಹಿಂದೆ. ಬಿಸಿನೀರು ನಲ್ಲಿಗೆ ಬರೋ ಮುಂಚೆ ಪೈಪಿನಲ್ಲಿರೋ ತಣ್ಣೀರು ಬರುತ್ತಲ್ಲ, ಅದು ಒಂದು ಸಲಕ್ಕೆ ಹನ್ನೊಂದು ಲೀಟರ್. ಮಕ್ಕಳು ನಲ್ಲಿ ತಿರುಗಿಸಿ ಚಳಿಗೆ ಒಲೆ ಮುಂದೆ ಬಂದು ನಿಂತಿರ್ತಾರೆ, ಬಿಸಿ ಬಂದು ಅದೂ ಹರಿದುಹೋಗಿರುತ್ತೆ. ಈಗ ನಲ್ಲಿ ಕೆಳಗೆ ಯಾವಾಗಲೂ ಒಂದು ಬಕೆಟ್. ಆ ತಣ್ಣೀರನ್ನೇ ಬಿಸಿಗೆ ಬೆರೆಸೋಕೆ ಇಟ್ಟುಕೊಳ್ಳೋದು, ಮಿಕ್ಕಿದ್ದು ದನದ ಬಾನಿಗೆ. ಅವ್ವನ ಕಾಲದ ತಾಮ್ರದ ಹಂಡೆಯಲ್ಲಿ ಈ ಪಂಚಾಯ್ತಿಯೇ ಇರಲಿಲ್ಲ, ಬೇಕಾದಷ್ಟು ತೋಡಿಕೊಂಡರೆ ಆಯ್ತು. ಸೌದೆ ಖರ್ಚು ಇತ್ತು ಅನ್ನಿ.

ಬಚ್ಚಲ ನೀರು ಮೊದಲು ಚರಂಡಿಗೆ ಹೋಗ್ತಿತ್ತು. ಹೋದ ವರ್ಷ ಹಿತ್ತಲಿಗೆ ತಿರುಗಿಸಿದ್ವಿ. ಜಲ್ಲಿ, ಮರಳು ತುಂಬಿದ ಒಂದು ಗುಂಡಿ, ಅದರ ಅಂಚಿಗೆ ಕೆಸು, ಅಲ್ಲಿಂದ ಆಚೆ ಆರು ಬಾಳೆ, ಒಂದು ಪರಂಗಿ. ಬಟ್ಟೆ ಒಗೆದ ಸೋಪಿನ ನೀರನ್ನ ಸೊಪ್ಪಿನ ಮಡಿಗೆ ಮಾತ್ರ ಬಿಡಬೇಡಿ. ಪಾತ್ರೆಯ ಮೊದಲ ತೊಳೆ, ಅಕ್ಕಿ ತೊಳೆದ ನೀರು ಹೇಗೂ ಕಲಗಚ್ಚಿಗೆ ಹೋಗುತ್ತೆ.

ಹಿತ್ತಲಿನ ಸೊಪ್ಪಿಗೆ ಇದೇ ಹದವಾದ ಕಾಲ. ಮೆಂತ್ಯ, ಕೊತ್ತಂಬರಿ, ಮೂಲಂಗಿ ಈ ಚಳಿಗೆ ಬಂದ ಹಾಗೆ ಬೇಸಿಗೇಲಿ ಬರಲ್ಲ, ನೀರೂ ಕಮ್ಮಿ ಸಾಕು. ಸಂಜೆ ಪೈಪ್ ಹಿಡಿದು ಎಲೆ ಮೇಲೆಲ್ಲ ನೀರು ಎರಚಬೇಡಿ. ರಾತ್ರಿಯೆಲ್ಲ ಎಲೆ ಒದ್ದೆ ಇದ್ದರೆ, ಮೇಲೆ ಮಂಜೂ ಬಿದ್ದರೆ, ಟೊಮೆಟೊಗೆ ರೋಗ ಕರೆದು ಮಣೆ ಹಾಕಿದ ಹಾಗೆ. ಇಬ್ಬನಿ ಆರಿದ ಮೇಲೆ, ಎಂಟೂವರೆ ಒಂಬತ್ತಕ್ಕೆ, ಚೊಂಬಿನಲ್ಲಿ ಬುಡಕ್ಕೆ. ಹೊಂಗೆ ಎಲೆ ಉದುರಿದ್ದನ್ನ ಗುಡಿಸಿ ಸುಡೋ ಬದಲು ಮಡಿ ಮೇಲೆ ಹಾಕಿ. ನಮ್ಮನೆಯವರು ಹೋದ ಮಾಗಿಯಲ್ಲಿ ದಿನಕ್ಕೆ ಆರು ಬಿಂದಿಗೆಯಲ್ಲಿ ಇಡೀ ಹಿತ್ತಲು ನಡೆಸಿದ್ರು. ನಾನು ಅದೇ ಹೊತ್ತಿನಲ್ಲಿ ತೋಟದಲ್ಲಿ 29,000 ಲೀಟರ್ ಚೆಲ್ಲುತ್ತಿದ್ದೆ. ಈ ಮಾತನ್ನ ಅವರು ನನಗೆ ಒಂದೇ ಸಲ ಹೇಳಿದ್ದು. ಸಾಕಾಯ್ತು.

ಸರಿ, ಈಗ ನಮ್ಮ ಸಾಲಿನವರಿಗೆ. ನಮ್ಮ ಟಿ.ಸಿ. ಮೇಲೆ ಹದಿನಾಲ್ಕು ಮೋಟಾರಿವೆ. ಕರೆಂಟು ಬಂದ ತಕ್ಷಣ ಹದಿನಾಲ್ಕೂ ಆಟೋದಲ್ಲಿ ಒಟ್ಟಿಗೆ ಎದ್ದು ನಿಲ್ತವೆ, ವೋಲ್ಟೇಜು ಬೀಳುತ್ತೆ, ವರ್ಷಕ್ಕೆ ಮೂರು ನಾಲ್ಕು ಜನರ ಕಾಯಿಲ್ ಸುಡುತ್ತೆ. ಬೇಡ, ನೀರಿನ ಮಾತೇ ಬಿಡಿ, ಮೋಟಾರು ಕಟ್ಟಿಸೋ ದುಡ್ಡನ್ನೇ ನೋಡಿ. ಮೊದಲ ಮೂರು ಗಂಟೆ ಏಳು ಮೋಟಾರು, ಆಮೇಲಿನ ಮೂರು ಗಂಟೆ ಇನ್ನೇಳು. ಮಾರನೇ ವಾರ ಅದಲು ಬದಲು. ಸಂಕ್ರಾಂತಿವರೆಗೆ ಮಾತ್ರ. ಯಾರದಾದ್ರೂ ಮಣ್ಣು ಒಣಗಿದೆ, ಹೊಸದಾಗಿ ಅಡಿಕೆ ಸಸಿ ಇಟ್ಟಿದ್ದಾರೆ ಅಂದ್ರೆ ಅವರಿಗೆ ಉಳಿದ ಒಂದು ಗಂಟೆ. ಹೊಸ ಅಡಿಕೆ ಇಡೋದನ್ನ ನಿಲ್ಲಿಸಿ ಅಂತ ನಾನು ಹೇಳಲ್ಲ, ನನ್ನ ತೋಟದಲ್ಲೇ 600 ಇದೆ. ಮುಂದಿನ ವರ್ಷ ಇನ್ನಷ್ಟು ಇಡೋ ಮುಂಚೆ ಒಮ್ಮೆ ಡ್ರಮ್ಮು ಇಟ್ಟು ಅಳೆದು ನೋಡೋಣ, ಅಷ್ಟೇ.

ಪಕ್ಕದ ತೋಟದ ಅಣ್ಣ ಇನ್ನೂ ಒಪ್ಪಿಲ್ಲ. "ಎಲ್ಲರೂ ಬಂದ್ರೆ ನಂದೇನೂ ತಕರಾರಿಲ್ಲ" ಅಂದಿದ್ದಾರೆ. ಮಿಕ್ಕವರಲ್ಲಿ ಐದು ಜನ ಹೂಂ ಅಂದಿದ್ದಾರೆ, ನಾನು ಸೇರಿ ಆರು. ನನ್ನ ಆಟೋ ನಿನ್ನೆಯೇ ತೆಗೆಸಿ ಟೈಮರ್ ಹಾಕಿಸಿದೆ, ಎರಡೂವರೆ ಗಂಟೆಗೆ.

ಭಾನುವಾರ ಬೆಳಗ್ಗೆ ಎಂಟಕ್ಕೆ ಟಿ.ಸಿ. ಹತ್ತಿರದ ಹುಣಸೆಮರದ ಕೆಳಗೆ ಸೇರೋಣ. ಡ್ರಮ್ಮು ನಾನು ತರ್ತೀನಿ. ಬರೋರು ಮೆಕ್ಯಾನಿಕ್ಕಿಗೆ ಮೊದಲೇ ಹೇಳಿಟ್ಟುಕೊಂಡು ಬನ್ನಿ, ಭಾನುವಾರ ಅವನು ಸಂತೆಗೆ ಹೋಗಿಬಿಡ್ತಾನೆ.